ಕುಡಿಯುವ ನೀರಿನ ಬಾಗಿಲಿಗೆ ಬಂದ ಎಣ್ಣೆ: 1991ರ ಜುಬೈಲ್ ಕಡಲತೀರದ ಕಥೆ

ಒಂದು ಚಳಿಗಾಲದ ಶುಕ್ರವಾರ. ನಾಲ್ಕು ಮನೆಯವರು ಸೇರಿ ಜುಬೈಲ್‌ನಿಂದ ಉತ್ತರಕ್ಕೆ ಕಡಲ ಬದಿಗೆ ಹೋಗಿದ್ದೆವು. ಚಿತ್ರಾನ್ನ, ನೀರುದೋಸೆ, ಕೋಳಿಸುಕ್ಕ ಎಲ್ಲ ಕಟ್ಟಿಕೊಂಡು ಹೋಗಿದ್ದ ಸಾಮಾನ್ಯ ಪಿಕ್‌ನಿಕ್. ಹೆಂಗಸರು ಚಾಪೆ ಹಾಸುವಷ್ಟರಲ್ಲಿ ಮಕ್ಕಳು ಮರಳಿನ ಮನೆ ಕಟ್ಟಲು ಗುಂಡಿ ತೋಡಲು ಶುರು ಮಾಡಿದರು. ಒಂದು ಗೇಣು ತೋಡಿದ್ದರೋ ಇಲ್ಲವೋ, ನನ್ನ ಮಗ ಕೂಗಿದ: "ಪಪ್ಪಾ, ಇಲ್ಲಿ ರಸ್ತೆ ಉಂಟು!"

ಹೋಗಿ ನೋಡಿದರೆ ರಸ್ತೆಯಲ್ಲ. ಮರಳಿನ ಕೆಳಗೆ ಕರಿ ಡಾಂಬರಿನಂಥ ಗಟ್ಟಿ ಪದರ. ಮುರಿದರೆ ಒಳಗೆ ಇನ್ನೂ ಮೆತ್ತಗಿದೆ, ಪೆಟ್ರೋಲ್ ಬಂಕಿನ ವಾಸನೆ. ಮಗುವಿನ ಕೈಯ ಕಪ್ಪು ಸೋಪಿಗೆ ಹೋಗಲಿಲ್ಲ, ಕೊನೆಗೆ ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕಾಯಿತು.

ನಮ್ಮ ಜೊತೆ ಬೈಂದೂರು ಕಡೆಯ ಹಿರಿಯರೊಬ್ಬರಿದ್ದರು. ಇಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವರು, ನಮಗೆಲ್ಲ ಅಣ್ಣ. ಅವರು ಆ ಕಪ್ಪು ತುಂಡನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಇದು ತೊಂಬತ್ತೊಂದರದ್ದು ಮಾರಾಯ. ನಾವು ತೆಗ್ದು ಮುಗೀಲಿಲ್ಲ, ಹಾಗೇ ಉಳಿದದ್ದು."

ಆ "ನಾವು" ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ಹತ್ತು ವರ್ಷದಿಂದ ಇದೇ ಊರಿನ ನೀರು ಕುಡಿದು ಇದೇ ಊರಿನಲ್ಲಿ ಸಂಬಳ ಎಣಿಸುತ್ತಿರುವ ನನಗೆ ಈ ಕಡಲಿಗೆ ಏನಾಗಿತ್ತು ಎಂದು ಗೊತ್ತೇ ಇರಲಿಲ್ಲ. ಅಂದಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಈ ಸಂಚಿಕೆಗೆ ಬರೆಯುತ್ತಿದ್ದೇನೆ. ಇದು ನಮ್ಮ ಚರಿತ್ರೆಯೂ ಹೌದು.

ಯುದ್ಧದ ನಡುವೆ ಬಿಟ್ಟ ಎಣ್ಣೆ

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದ್ದು ನಮ್ಮಲ್ಲಿ ಹಲವರ ಮನೆಯ ನೆನಪು. ಕುವೈತಿನಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಉಟ್ಟ ಬಟ್ಟೆಯಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಅವರನ್ನು ಮುಂಬೈಗೆ ತಂದವು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ "ಕುವೈತ್ ಬಿಟ್ಟು ಬಂದ ವರ್ಷ" ಎಂದೇ ಲೆಕ್ಕ ಹೇಳುತ್ತಾರೆ. ಸೌದಿಯಲ್ಲಿದ್ದವರದ್ದು ಬೇರೆ ಕಥೆ. ಹೋಗುವುದೋ, ಇರುವುದೋ ಎಂಬ ಗೊಂದಲದಲ್ಲಿ ಅನೇಕರು ಇಲ್ಲೇ ಉಳಿದರು.

1991ರ ಜನವರಿ 17ರಂದು ಅಮೆರಿಕದ ನೇತೃತ್ವದ ಬಾಂಬ್ ದಾಳಿ ಶುರುವಾಯಿತು. ಮುಂದಿನ ದಿನಗಳಲ್ಲೇ ಕುವೈತಿನ ಮಿನಾ ಅಲ್ ಅಹ್ಮದಿ ಬಂದರಿನ ಹೊರಗೆ, ಹಡಗುಗಳಿಗೆ ಎಣ್ಣೆ ತುಂಬುವ ಸೀ ಐಲ್ಯಾಂಡ್ ಟರ್ಮಿನಲ್‌ನಿಂದ ಕಚ್ಚಾ ಎಣ್ಣೆ ನೇರವಾಗಿ ಸಮುದ್ರಕ್ಕೆ ಹರಿಯತೊಡಗಿತು. ಬಂದರಿನಲ್ಲಿ ನಿಂತಿದ್ದ ಟ್ಯಾಂಕರ್ ಹಡಗುಗಳಿಂದಲೂ ಎಣ್ಣೆ ಸುರಿಯಿತು. ಅಮೆರಿಕದ ಸೈನಿಕರು ಕಡಲ ಕಡೆಯಿಂದ ಇಳಿಯದಂತೆ ತಡೆಯಲು ಇರಾಕ್ ಬೇಕೆಂದೇ ಬಿಟ್ಟದ್ದು ಎಂದು ಅಮೆರಿಕ ಹೇಳಿತು. ಅಮೆರಿಕದ ಬಾಂಬಿನಿಂದಲೇ ಸೋರಿತು ಎಂದು ಇರಾಕ್ ಹೇಳಿತು. ಜನವರಿ 26ರ ರಾತ್ರಿ ಅಮೆರಿಕದ ಎಫ್-111 ವಿಮಾನಗಳು ಗುರಿಯಿಟ್ಟು ಬಾಂಬ್ ಹಾಕಿ ಟರ್ಮಿನಲ್‌ಗೆ ಎಣ್ಣೆ ಕೊಡುವ ಪೈಪ್‌ಲೈನಿನ ಮೂಲವನ್ನೇ ಒಡೆದವು. ಆಗ ದೊಡ್ಡ ಹರಿವು ನಿಂತಿತು. ಆದರೆ ಒಡೆದ ಹಡಗು, ಒಡೆದ ಟರ್ಮಿನಲ್‌ಗಳಿಂದ ಸಣ್ಣ ಸೋರಿಕೆ ತಿಂಗಳುಗಟ್ಟಲೆ ನಡೆದೇ ಇತ್ತು.

ಒಟ್ಟು ಎಷ್ಟು ಎಣ್ಣೆ? ಮೊದಲು 110 ಲಕ್ಷ ಬ್ಯಾರೆಲ್ ಎಂದರು. ನಂತರದ ಲೆಕ್ಕಗಳು 40 ಲಕ್ಷದಿಂದ 80 ಲಕ್ಷ ಬ್ಯಾರೆಲ್ ನಡುವೆ ಇವೆ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಎರಡು ವರ್ಷ ಹಿಂದೆ, 1989ರಲ್ಲಿ, ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಒಡೆದು ಜಗತ್ತೆಲ್ಲ ಬೊಬ್ಬೆಯಾದಾಗ ಹೋದದ್ದು ಸುಮಾರು ಎರಡೂವರೆ ಲಕ್ಷ ಬ್ಯಾರೆಲ್. ಕಡಿಮೆ ಲೆಕ್ಕ ಹಿಡಿದರೂ ಇಲ್ಲಿ ಅದರ ಹದಿನೈದು ಪಟ್ಟು.

ಕೊಲ್ಲಿಗೆ ಇಂಥದ್ದು ಹೊಸತೇನೂ ಅಲ್ಲ. 1983ರಲ್ಲಿ ಇರಾನ್-ಇರಾಕ್ ಯುದ್ಧದ ಕಾಲದಲ್ಲಿ ಇರಾನಿನ ನೌರೂಜ್ ಎಣ್ಣೆಕ್ಷೇತ್ರಕ್ಕೆ ಹಡಗು ಬಡಿದು, ಆಮೇಲೆ ಬಾಂಬ್ ಬಿದ್ದು, ತಿಂಗಳುಗಟ್ಟಲೆ ಎಣ್ಣೆ ಸೋರಿತ್ತು. ಬಾವಿ ಮುಚ್ಚಲು ಹೋದ ಕೆಲಸಗಾರರು ಜೀವ ಕಳೆದುಕೊಂಡರು. ಅಂದರೆ ಪಾಠ ಮೊದಲೇ ಸಿಕ್ಕಿತ್ತು. ಕುವೈತಿನಲ್ಲಿ 1978ರಲ್ಲೇ ಕೊಲ್ಲಿಯ ಎಂಟು ದೇಶಗಳು ಸಮುದ್ರ ರಕ್ಷಣೆಗೆ ಒಪ್ಪಂದ ಮಾಡಿಕೊಂಡಿದ್ದವು. ಸಹಿ ಹಾಕಿದವರಲ್ಲಿ ಇರಾಕ್, ಇರಾನ್, ಕುವೈತ್, ಸೌದಿ ಎಲ್ಲರೂ ಇದ್ದರು. ಯುದ್ಧ ಬಂದಾಗ ಕಾಗದ ಎಲ್ಲಿ ಹೋಯಿತೋ.

ಎಣ್ಣೆ ಇಲ್ಲಿಗೇ ಯಾಕೆ ಬಂತು

ಈ ಕೊಲ್ಲಿ ನಮ್ಮ ಅರಬ್ಬಿ ಸಮುದ್ರದಂತಲ್ಲ. ಸರಾಸರಿ ಆಳ 35 ಮೀಟರ್ ಮಾತ್ರ. ಹೊರಹೋಗಲು ಹೊರ್ಮುಜ್ ಎಂಬ ಒಂದೇ ಇಕ್ಕಟ್ಟಿನ ಬಾಗಿಲು. ಒಳಗಿನ ನೀರು ಪೂರ್ತಿ ಬದಲಾಗಲು ವರ್ಷಗಳೇ ಬೇಕು. ಮಲ್ಪೆಯಲ್ಲಿ ಮಳೆಗಾಲದ ಅಲೆ ಹೊಡೆದ ಹಾಗೆ ಇಲ್ಲಿ ದಂಡೆಯನ್ನು ತೊಳೆಯುವ ದೊಡ್ಡ ಅಲೆಯೂ ಇಲ್ಲ.

ಮೇಲಾಗಿ ಶಮಾಲ್ ಗಾಳಿ. ಅದು ವಾಯವ್ಯದಿಂದ ಬೀಸುತ್ತದೆ ಎಂದು ಇಲ್ಲಿ ಧೂಳು ತಿಂದ ಎಲ್ಲರಿಗೂ ಗೊತ್ತುಂಟು. ಗಾಳಿ, ಹರಿವು ಎರಡೂ ಸೇರಿ ಎಣ್ಣೆಯನ್ನು ಕುವೈತಿನಿಂದ ದಕ್ಷಿಣಕ್ಕೆ, ಸೌದಿ ದಂಡೆಗೆ ಅಂಟಿಸಿಕೊಂಡೇ ತಂದವು. ಖಾಫ್ಜಿ, ಸಫಾನಿಯಾ, ಮನೀಫಾ ದಾಟಿ ಬಂದ ಎಣ್ಣೆಗೆ ಅಡ್ಡ ನಿಂತದ್ದು ಜುಬೈಲ್‌ನ ಉತ್ತರಕ್ಕೆ ಸಮುದ್ರದೊಳಗೆ ಕೈ ಚಾಚಿದಂತಿರುವ ಅಬು ಅಲಿ ದ್ವೀಪ. ಅದರ ಹಿಂದಿನ ದೌಹತ್ ಅದ್ ದಫಿ, ದೌಹತ್ ಅಲ್ ಮುಸಲ್ಲಮಿಯಾ ಎಂಬ ಎರಡು ಒಳಕೊಲ್ಲಿಗಳು ಎಣ್ಣೆಯ ಬುಟ್ಟಿಯಾದವು. ಖಾಫ್ಜಿಯಿಂದ ಅಬು ಅಲಿವರೆಗೆ, ತಿರುವು ಮುರುವು ಎಲ್ಲ ಸೇರಿ 600 ಕಿಲೋಮೀಟರಿಗೂ ಹೆಚ್ಚು ದಂಡೆ ಕಪ್ಪಾಯಿತು. ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಕರ್ನಾಟಕದ ಕರಾವಳಿ ಪೂರ್ತಿ ಹಿಡಿದರೂ ಅದರ ಅರ್ಧದಷ್ಟೇ ಆದೀತು.

ಅಬು ಅಲಿ ಅಡ್ಡ ನಿಲ್ಲದಿದ್ದರೆ ಮುಂದಿನದು ಜುಬೈಲ್.

ನೀರಿನ ಚಿಂತೆ

ಊರಿನವರಿಗೆ ಎಣ್ಣೆ ಸೋರಿಕೆ ಎಂದರೆ ಮೀನಿನ ಚಿಂತೆ. ಇಲ್ಲಿ ಅದಕ್ಕೂ ಮೊದಲು ಕುಡಿಯುವ ನೀರಿನ ಚಿಂತೆ. ಜುಬೈಲ್‌ನ ಡೀಸಲೈನೇಷನ್ ಪ್ಲಾಂಟ್ ಸಮುದ್ರದ ನೀರನ್ನು ಸಿಹಿ ಮಾಡಿ, 400 ಕಿಲೋಮೀಟರಿಗೂ ಹೆಚ್ಚು ಉದ್ದದ ಪೈಪಿನಲ್ಲಿ ರಾಜಧಾನಿ ರಿಯಾದ್‌ಗೆ ಕಳಿಸುತ್ತದೆ. ಸಮುದ್ರದ ನೀರನ್ನು ಕಾಯಿಸಿ ಆವಿ ಮಾಡಿ ತಣಿಸುವುದು ಅಂದಿನ ಕ್ರಮ. ಎಣ್ಣೆ ಒಳಗೆ ಹೋದರೆ ಕೊಳವೆಗಳಿಗೆ ಜಿಡ್ಡು ಮೆತ್ತುತ್ತದೆ. ಅದಕ್ಕಿಂತ ಕೆಟ್ಟದ್ದು, ಎಣ್ಣೆಯ ಹಗುರ ಅಂಶಗಳು ನೀರಿನ ಆವಿಯ ಜೊತೆಗೇ ಮೇಲೆದ್ದು ಕುಡಿಯುವ ನೀರಿಗೇ ಸೇರಿಬಿಡುತ್ತವೆ. ಯುದ್ಧ ನಡೆಯುತ್ತಿದೆ, ಲಕ್ಷಾಂತರ ಸೈನಿಕರು ಮರುಭೂಮಿಯಲ್ಲಿದ್ದಾರೆ, ಆ ಹೊತ್ತಿನಲ್ಲಿ ನೀರು ನಿಂತರೆ?

ಅದಕ್ಕೆ ಮೊದಲ ಕೆಲಸ ನೀರು ಎಳೆಯುವ ಬಾಯಿಗಳನ್ನು ಕಾಯುವುದು. ಸಮುದ್ರದ ಮೇಲೆ ಬೂಮ್ ಎಂಬ ತೇಲುವ ಬೇಲಿಗಳನ್ನು ಒಂದರ ಹಿಂದೆ ಒಂದು ಕಟ್ಟಿದರು. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಬೇಲಿ ಅದನ್ನು ತಡೆಯುತ್ತದೆ, ಪ್ಲಾಂಟ್ ಬೇಲಿಯ ಅಡಿಯ ನೀರನ್ನು ಎಳೆದುಕೊಳ್ಳುತ್ತದೆ. ಹೇಳುವುದು ಸುಲಭ. ಗಾಳಿ ಎದ್ದರೆ ಎಣ್ಣೆ ಬೇಲಿಯ ಮೇಲಿಂದ ಹಾರುತ್ತದೆ, ಹರಿವು ಜೋರಾದರೆ ಅಡಿಯಿಂದ ನುಸುಳುತ್ತದೆ. ಹಾಗಾಗಿ ರಾತ್ರಿ ಹಗಲು ಕಾವಲು. ಸೌದಿಯ ಹವಾಮಾನ ಮತ್ತು ಪರಿಸರ ಇಲಾಖೆ, ಸೌದಿ ಅರಾಮ್ಕೊ, ಜುಬೈಲ್‌ನ ರಾಯಲ್ ಕಮಿಷನ್ ಎಲ್ಲರೂ ಕೈಹಾಕಿದರು. ಅಮೆರಿಕದ ಕೋಸ್ಟ್ ಗಾರ್ಡ್ ವಿಮಾನಗಳು ಎಣ್ಣೆ ಎಲ್ಲಿಗೆ ಬಂತು ಎಂದು ಮೇಲಿಂದ ನೋಡಿ ಹೇಳುತ್ತಿದ್ದವು. ಹಲವು ದೇಶಗಳಿಂದ ಬೂಮ್‌ಗಳೂ ಎಣ್ಣೆ ಹೀರುವ ಯಂತ್ರಗಳೂ ಬಂದವು. ಜುಬೈಲ್‌ನ ನೀರು ನಿಲ್ಲಲಿಲ್ಲ.

ಅಣ್ಣ ಹೇಳಿದ್ದು ನೆನಪಿದೆ: "ಕ್ಯಾಂಪಿನಲ್ಲಿ ನಮ್ಗೆ ಗ್ಯಾಸ್ ಮಾಸ್ಕ್ ಇತ್ತೋ ಇಲ್ವೋ ಎಂಬ ಚಿಂತೆಗಿಂತ ನೀರಿನದ್ದೇ ದೊಡ್ಡ ಚಿಂತೆ. ಬಕೆಟ್, ಡಬ್ಬ, ಪಾತ್ರೆ, ಎಲ್ಲ ತುಂಬಿಸಿ ಇಟ್ಟಿದ್ವು. ರಾತ್ರಿ ಸೈರನ್ ಆಗ್ತದೆ, ಸ್ಕಡ್ ಬರ್ತದೆ ಅಂತ ಓಡ್ಬೇಕು. ಬೆಳಿಗ್ಗೆ ಎದ್ದು ನಲ್ಲಿ ನೀರು ಮೂಸಿ ನೋಡುದು."

ಎಣ್ಣೆ ತೆಗೆದದ್ದು ಹೇಗೆ

ನೀರಿನ ಮೇಲಿನ ಎಣ್ಣೆ ತೆಗೆಯಲು ಸ್ಕಿಮ್ಮರ್ ಎಂಬ ಯಂತ್ರ, ದಂಡೆಯಲ್ಲಿ ವ್ಯಾಕ್ಯೂಮ್ ಟ್ಯಾಂಕರ್‌ಗಳು. ಎಣ್ಣೆ ಬಂದು ನಿಲ್ಲುವ ಕಡೆ ಬೂಮ್ ಹಾಕಿ ಮೂಲೆಗೆ ತಳ್ಳುವುದು, ಪಂಪ್ ಹಾಕಿ ಎಳೆಯುವುದು, ದಂಡೆಯ ಹಿಂದೆ ಮರಳಿನಲ್ಲಿ ದೊಡ್ಡ ಹೊಂಡ ತೋಡಿ ಅದರಲ್ಲಿ ತುಂಬುವುದು, ಅಲ್ಲಿಂದ ಟ್ಯಾಂಕರಿನಲ್ಲಿ ಸಾಗಿಸುವುದು. ಹೀಗೆ ಕೆಲವೇ ತಿಂಗಳಲ್ಲಿ 10 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಎತ್ತಿದರು. ಜಗತ್ತಿನಲ್ಲಿ ಅಲ್ಲಿಯವರೆಗೆ ಯಾವ ಸೋರಿಕೆಯಲ್ಲೂ ಸಮುದ್ರದಿಂದ ಇಷ್ಟು ಎಣ್ಣೆ ವಾಪಸ್ ತೆಗೆದದ್ದಿಲ್ಲ. ಒಂದು ಪಾಲು ಆವಿಯಾಗಿ ಹೋಯಿತು. ಉಳಿದದ್ದು ದಂಡೆಗೆ.

ಪಂಪು, ಟ್ಯಾಂಕರು ಎಂದು ಪುಸ್ತಕದಲ್ಲಿ ಬರುತ್ತದೆ. ಪಂಪಿನ ಬಾಯಿ ಹಿಡಿದವರು ಯಾರು ಎಂದು ಬರುವುದಿಲ್ಲ. ಅಣ್ಣ ಆಗ ಒಂದು ಲೇಬರ್ ಸಪ್ಲೈ ಕಂಪನಿಯಲ್ಲಿ ಹೆಲ್ಪರ್. "ಮೊಣಕಾಲುವರೆಗೆ ಎಣ್ಣೆ. ಗಂಬೂಟು ಒಳಗೂ ಎಣ್ಣೆ. ಸಮುದ್ರ ಇತ್ತು, ಆದ್ರೆ ಅಲೆ ಶಬ್ದ ಇಲ್ಲ ಮಾರಾಯ. ಅಷ್ಟು ದಪ್ಪ. ಅಲೆ ಏಳ್ಲಿಕ್ಕೆ ನೋಡ್ತದೆ, ಎಣ್ಣೆ ಅದನ್ನ ಒತ್ತಿ ಹಿಡೀತದೆ. ಸಣ್ಣಂದಿನಿಂದ ಸಮುದ್ರದ ಬದಿಯಲ್ಲೇ ಮಲಗಿದವ ನಾನು, ಶಬ್ದ ಇಲ್ಲದ ಸಮುದ್ರ ನೋಡಿ ಹೆದರಿಕೆ ಆಯ್ತು."

ಅವರ ಗುಂಪಿನಲ್ಲಿ ಕೇರಳದವರು, ಬಾಂಗ್ಲಾದವರು, ಪಾಕಿಸ್ತಾನದವರು, ಫಿಲಿಪೈನ್ಸಿನವರು ಇದ್ದರಂತೆ. ವಾಸನೆಗೆ ತಲೆನೋವು, ವಾಂತಿ, ಕೈಕಾಲಿನ ಚರ್ಮಕ್ಕೆ ತುರಿ. ಮುಖಕ್ಕೆ ಕಟ್ಟಿಕೊಳ್ಳಲು ಸಿಕ್ಕಿದ್ದು ತಲೆಗೆ ಸುತ್ತುವ ಬಟ್ಟೆ. ಓವರ್‌ಟೈಮ್ ಕೊಡುತ್ತೇವೆ ಎಂದಿದ್ದ ಕಂಪನಿ ಅರ್ಧ ಕೊಟ್ಟಿತು, ಇನ್ನರ್ಧ ಇವತ್ತಿಗೂ ಬರಲಿಲ್ಲ. "ಕೇಳ್ಲಿಕ್ಕೆ ಹೋದ್ರೆ ಪಾಸ್‌ಪೋರ್ಟ್ ಅವನ ಕೈಯಲ್ಲಿ. ಎಂತ ಕೇಳುದು?" ಎಂದು ಅಣ್ಣ ನಕ್ಕರು. ಈ ನಗು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಗು.

ಹಕ್ಕಿ, ಆಮೆ, ಏಡಿ

ಸುಮಾರು 30,000 ಕಡಲಹಕ್ಕಿಗಳು ಸತ್ತವು ಎಂದು ಅಂದಾಜು. ಹೆಚ್ಚಿನವು ನೀರುಕಾಗೆಗಳು, ಗುಳುಮುಳುಕಗಳು. ಮೀನಿಗೆಂದು ಮುಳುಗುವ ಹಕ್ಕಿಗೆ ಎಣ್ಣೆ ಮೆತ್ತಿದರೆ ರೆಕ್ಕೆಯ ನಡುವಿನ ಗಾಳಿ ಹೋಗುತ್ತದೆ, ಚಳಿಗೆ ಸಾಯುತ್ತದೆ, ಕೊಕ್ಕಿನಿಂದ ತಿಕ್ಕಿಕೊಂಡರೆ ವಿಷ ಹೊಟ್ಟೆಗೆ ಹೋಗುತ್ತದೆ. ಜುಬೈಲ್‌ನಲ್ಲಿ ಹಕ್ಕಿ ತೊಳೆಯುವ ಕೇಂದ್ರ ತೆರೆದರು. ಒಂದೊಂದು ಹಕ್ಕಿಯನ್ನು ಕೈಯಲ್ಲಿ ಹಿಡಿದು ಸಾಬೂನು ನೀರಿನಲ್ಲಿ ತೊಳೆದು, ಮೀನು ತಿನ್ನಿಸಿ ಬಿಟ್ಟರು. ಉಳಿಸಿದ್ದು ಸತ್ತದ್ದರ ಮುಂದೆ ಸ್ವಲ್ಪವೇ.

ಕಡಲೊಳಗಿನ ಕರಾನ್, ಜನಾ ದ್ವೀಪಗಳಲ್ಲಿ ಬೇಸಿಗೆಗೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಆಮೆ ಬರುವ ಮೊದಲೇ ಅಲ್ಲಿನ ಮರಳಿನ ಎಣ್ಣೆ ತೆಗೆಯಬೇಕೆಂದು ಹಟ ಹಿಡಿದು ತೆಗೆದರು. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಕೂಡಿಸಿದ ನಿಧಿಯ ಹಣ ಇಂಥ ಕೆಲಸಕ್ಕೆ ಬಂತು. ಗುರ್ಮಾ ದ್ವೀಪದ ಕಾಂಡ್ಲಾ ಗಿಡಗಳನ್ನೂ ನೀರು ಹಾಯಿಸಿ ತೊಳೆದರು. ನಮ್ಮ ಕುಂದಾಪುರದ ಹಿನ್ನೀರಿನ ಕಾಂಡ್ಲಾದ ಹಾಗೇ ಇಲ್ಲೂ ಸಣ್ಣ ಮೀನು, ಸಿಗಡಿ ಮರಿ ಬೆಳೆಯುವುದು ಅದರ ಬುಡದಲ್ಲಿ.

ಸಿಗಡಿಯ ಮಾತು ಬಂತು. ಯುದ್ಧದ ನಂತರ ಸೌದಿ ದಂಡೆಯ ಸಿಗಡಿ ಮೀನುಗಾರಿಕೆ ನೆಲಕಚ್ಚಿತು. ಎಣ್ಣೆಯ ಜೊತೆಗೆ, ಕುವೈತಿನಲ್ಲಿ ಹೊತ್ತಿ ಉರಿಯುತ್ತಿದ್ದ 600ಕ್ಕೂ ಹೆಚ್ಚು ಎಣ್ಣೆಬಾವಿಗಳ ಹೊಗೆ ಸೂರ್ಯನನ್ನೇ ಮುಚ್ಚಿ ಸಮುದ್ರವನ್ನು ತಣ್ಣಗೆ ಮಾಡಿತ್ತು. ಆ ಬೆಂಕಿ ಪೂರ್ತಿ ಆರಿದ್ದು 1991ರ ನವೆಂಬರಿನಲ್ಲಿ. ಇಲ್ಲಿನ ದೋಣಿಗಳಲ್ಲಿ ಬಲೆ ಎಳೆಯುವವರಲ್ಲೂ ನಮ್ಮ ದೇಶದವರು ಇದ್ದಾರೆ. ಮೀನಿಲ್ಲದ ದೋಣಿಯ ಕೂಲಿಯವನಿಗೆ ಸಂಬಳ ಎಲ್ಲಿಂದ?

ಕೊನೆಗೆ ಏಡಿಯ ಕಥೆ. ಕೆಸರು ದಂಡೆಯಲ್ಲಿ ಏಡಿಗಳು ಸಾವಿರ ಸಾವಿರ ಬಿಲ ತೋಡುತ್ತವೆ. ಅದರಿಂದಲೇ ನೆಲದೊಳಗೆ ಗಾಳಿ, ನೀರು ಹೋಗುವುದು. ಎಣ್ಣೆ ಬಂದಾಗ ಅದೇ ಬಿಲದಲ್ಲಿ ಕೆಳಗಿಳಿಯಿತು. ಏಡಿ ಸತ್ತವು. ಏಡಿ ಇಲ್ಲದೆ ಹೊಸ ಬಿಲ ಇಲ್ಲ, ಬಿಲ ಇಲ್ಲದೆ ಗಾಳಿ ಇಲ್ಲ, ಗಾಳಿ ಇಲ್ಲದೆ ಎಣ್ಣೆ ಕೊಳೆಯುವುದಿಲ್ಲ. ಮೇಲಿನ ಪದರ ಬಿಸಿಲಿಗೆ ಡಾಂಬರಾಯಿತು, ಒಳಗಿನದು ಹಸಿಯಾಗಿಯೇ ಉಳಿಯಿತು. ಹನ್ನೆರಡು ವರ್ಷದ ನಂತರ, 2003ರ ಸುಮಾರಿಗೆ, ದಂಡೆಯುದ್ದಕ್ಕೂ ಗುಂಡಿ ತೋಡಿ ನೋಡಿದ ವಿಜ್ಞಾನಿಗಳಿಗೆ ಹಸಿ ಎಣ್ಣೆ ಇನ್ನೂ ಸಿಕ್ಕಿತು. ಅಲೆ ಬಡಿಯುವ ತೆರೆದ ದಂಡೆ ಬೇಗ ಚೇತರಿಸಿಕೊಂಡಿತ್ತು. ಒಳಕೊಲ್ಲಿಯ ಉಪ್ಪುಜವುಗು ಚೇತರಿಸಿಕೊಂಡಿರಲಿಲ್ಲ. ನನ್ನ ಮಗ ಕಂಡ "ರಸ್ತೆ" ಅದೇ.

ಪರಿಹಾರ ಸಿಕ್ಕಿದ್ದು ಯಾರಿಗೆ

ಯುದ್ಧ ಮುಗಿದ ಮೇಲೆ 1991ರಲ್ಲೇ ವಿಶ್ವಸಂಸ್ಥೆ ಪರಿಹಾರ ಆಯೋಗ ಮಾಡಿತು. ಇರಾಕಿನ ಎಣ್ಣೆ ಮಾರಾಟದ ಹಣದಲ್ಲಿ ಒಂದು ಪಾಲು ಅದಕ್ಕೆ. ಇದರಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ಆಯೋಗ ಮೊದಲು ಹಣ ಕೊಟ್ಟದ್ದು ದೊಡ್ಡ ಕಂಪನಿಗಳಿಗಲ್ಲ, ಕುವೈತ್ ಮತ್ತು ಇರಾಕ್ ಬಿಟ್ಟು ಓಡಬೇಕಾದ ಸಾಮಾನ್ಯ ಕೆಲಸಗಾರರಿಗೆ. ಒಬ್ಬರಿಗೆ 2,500 ಅಥವಾ 4,000 ಡಾಲರ್, ಸಂಸಾರಕ್ಕೆ ಅದರ ಎರಡು ಪಟ್ಟು. ಹೀಗೆ ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ ಸಿಕ್ಕಿತು, ಭಾರತದವರೂ ಬಹಳ ಮಂದಿ. ನನ್ನ ಮಾವನ ಮನೆಯ ಹಂಚು ತೆಗೆದು ತಾರಸಿ ಹಾಕಿದ್ದು ಆ ದುಡ್ಡಿನಲ್ಲೇ.

ಪರಿಸರಕ್ಕೂ ಪರಿಹಾರ ಕೊಟ್ಟರು. ಯುದ್ಧದಲ್ಲಿ ಸಮುದ್ರ, ಮಣ್ಣು ಹಾಳು ಮಾಡಿದ್ದಕ್ಕೆ ಒಂದು ದೇಶದಿಂದ ಹಣ ವಸೂಲಿ ಮಾಡಿದ್ದು ಇಷ್ಟು ದೊಡ್ಡ ಮಟ್ಟದಲ್ಲಿ ಅದೇ ಮೊದಲು. ಎಣ್ಣೆ ಮೆತ್ತಿದ ಸೌದಿ ದಂಡೆಯ ರಿಪೇರಿಗೆ 46 ಕೋಟಿ ಡಾಲರಿಗೂ ಹೆಚ್ಚು ಮಂಜೂರಾಯಿತು. ಆ ಹಣದಲ್ಲಿ ಮುಚ್ಚಿಹೋದ ಕಾಲುವೆ ಬಿಡಿಸಿ ಉಬ್ಬರದ ನೀರು ಮತ್ತೆ ಒಳಗೆ ಬರುವಂತೆ ಮಾಡಿದರು, ಗಟ್ಟಿಯಾದ ನೆಲವನ್ನು ಉತ್ತು ಸಡಿಲಿಸಿದರು. ಉಬ್ಬರ ಬಂದ ಕಡೆ ಏಡಿಯೂ ಬರುತ್ತದೆ. ಇರಾಕ್ ಕೊನೆಯ ಕಂತು ಕಟ್ಟಿದ್ದು 2022ರ ಜನವರಿಯಲ್ಲಿ. ಒಟ್ಟು 5,240 ಕೋಟಿ ಡಾಲರ್, ಮೂವತ್ತು ವರ್ಷ.

ಈಗ ಅಣ್ಣನ ಲೆಕ್ಕ ನೋಡಿ. ಕುವೈತ್ ಬಿಟ್ಟು ಓಡಿದವರಿಗೆ ಒಂದು ಖಾನೆ ಇತ್ತು, ಸೌದಿ ದಂಡೆಗೆ ಒಂದು ಖಾನೆ ಇತ್ತು. ಸೌದಿಯಲ್ಲಿ ಉಳಿದು ಆ ದಂಡೆಯಲ್ಲಿ ಮೊಣಕಾಲು ಎಣ್ಣೆಯಲ್ಲಿ ನಿಂತವ ಯಾವ ಖಾನೆಗೂ ಬರಲಿಲ್ಲ. ಅವರು ಓಡಲಿಲ್ಲ, ಹಾಗಾಗಿ ನಷ್ಟ ಇಲ್ಲ. ಕೆಲಸ ಮಾಡಿದರು, ಹಾಗಾಗಿ ಸಂಬಳ ಸಿಕ್ಕಿತು ಎಂದೇ ಲೆಕ್ಕ. ಅವರು ಕೆಮ್ಮಿದ್ದು, ಚರ್ಮ ಸುಲಿದದ್ದು ಯಾರೂ ಬರೆದುಕೊಳ್ಳಲಿಲ್ಲ. ಇದರಲ್ಲಿ ಯಾರನ್ನೂ ಬೈಯಲು ನಾನು ಬರೆಯುತ್ತಿಲ್ಲ. ಬರೆದಿಡದಿದ್ದರೆ ಇಲ್ಲದ ಹಾಗೇ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ.

ನಮ್ಮ ಊರಿನ ದಂಡೆ

ಇದು ಪರದೇಶದ ಕಥೆ ಎಂದು ಬಿಡುವ ಹಾಗಿಲ್ಲ. ಈ ಕೊಲ್ಲಿಯಿಂದ ಹೊರಟ ಕಚ್ಚಾ ಎಣ್ಣೆಯೇ ಮಂಗಳೂರಿನ ರಿಫೈನರಿಗೆ ಹೋಗುತ್ತದೆ. ಮಂಗಳೂರು, ಪಾದೂರಿನಲ್ಲಿ ಬಂಡೆಯೊಳಗೆ ದೇಶದ ತುರ್ತು ಎಣ್ಣೆ ಸಂಗ್ರಹ ಇದೆ. ದೊಡ್ಡ ಟ್ಯಾಂಕರ್ ಹಡಗುಗಳು ನಮ್ಮ ನಾಡದೋಣಿಗಳ ದಾರಿಯಲ್ಲೇ ಬರುತ್ತವೆ. ಮಳೆಗಾಲದ ಹೊತ್ತಿಗೆ ನಮ್ಮ ದಂಡೆಗೂ ಡಾಂಬರಿನ ಉಂಡೆಗಳು ಬಂದು ಬೀಳುವುದು ಮೀನುಗಾರರಿಗೆ ಗೊತ್ತು. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಉಳ್ಳಾಲದ ಎದುರು ಮುಳುಗಿತು. ಅದರಲ್ಲಿದ್ದ 15 ಸಿರಿಯಾ ನಾವಿಕರನ್ನು ನಮ್ಮ ಕೋಸ್ಟ್ ಗಾರ್ಡ್ ಉಳಿಸಿತು. ಹಡಗಿನ ಇಂಧನ ಸೋರಿದರೆ ಎಂದು ಊರೆಲ್ಲ ದಿಗಿಲು. ಆ ವಾರ ನಾನು ಇಲ್ಲಿಂದ ದಿನಾ ಮನೆಗೆ ಫೋನ್ ಮಾಡಿ ಕೇಳುತ್ತಿದ್ದೆ, "ದಂಡೆ ಹೇಗುಂಟು?"

ಜುಬೈಲ್ ಕಲಿಸಿದ ಪಾಠ ಮೂರೇ ಮೂರು. ಮೊದಲ ದಿನದ ಬೂಮ್ ಹತ್ತನೇ ದಿನದ ಯಂತ್ರಕ್ಕಿಂತ ದೊಡ್ಡದು, ಹಾಗಾಗಿ ಸಾಮಾನು ಬಂದರಿನಲ್ಲೇ ಸಿದ್ಧ ಇರಬೇಕು. ಎಣ್ಣೆ ಒಳಕೊಲ್ಲಿ, ಅಳಿವೆ, ಕಾಂಡ್ಲಾ ಸೇರಲು ಬಿಡಬಾರದು, ಸೇರಿದರೆ ತಲೆಮಾರು ಬೇಕು. ಮೂರನೆಯದು, ತೆಗೆಯಲು ಇಳಿಯುವವರ ಮೈಗೂ ಒಂದು ಬೂಮ್ ಬೇಕು. ಒಳ್ಳೆಯ ಮಾಸ್ಕ್, ಗ್ಲೌಸ್, ಹೆಸರು ಬರೆದ ಒಂದು ಪಟ್ಟಿ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ ತಪಾಸಣೆ.

ಅಣ್ಣ ಕಳೆದ ವರ್ಷ ಎಕ್ಸಿಟ್ ಹಾಕಿ ಊರಿಗೆ ಹೋದರು. ನಮ್ಮ ಸಂಘದ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ ಹಾರ ಹಾಕಿದೆವು. ಮಾತಾಡಿ ಎಂದಾಗ ಮೈಕ್ ಹಿಡಿದು ಎರಡೇ ವಾಕ್ಯ ಹೇಳಿದರು. ಮೊನ್ನೆ ಫೋನ್ ಮಾಡಿದಾಗ ಈ ಲೇಖನದ ವಿಷಯ ಹೇಳಿದೆ. "ನನ್ನ ಹೆಸ್ರು ಹಾಕ್ಬೇಡ ಮಾರಾಯ" ಎಂದರು. ಆಮೇಲೆ ಕೇಳಿದರು: "ಆ ಕಡೆ ಏಡಿ ವಾಪಸ್ ಬಂದಿದಾ?"

ಮುಂದಿನ ಶುಕ್ರವಾರ ಹೋಗಿ ನೋಡಿದೆ. ಕಪ್ಪು ಪದರ ಇದೆ. ಅದರ ಅಂಚಿನಲ್ಲಿ, ಉಬ್ಬರದ ನೀರು ಮುಟ್ಟುವ ಕಡೆ, ಹೊಸ ಬಿಲಗಳೂ ಇವೆ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದೇನೆ.